ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಸೇರಿಸಿದ ಕೀ: ನಡುವೆ ಯಾವ ಚಿಹ್ನೆ ಇಡುವುದು?

ಕೆರೆಯಂಗಳ

ಎಲ್ಲರಿಗೂ ನಮಸ್ಕಾರ. ರೈತರ ಜಮೀನಿನ ಮಣ್ಣು ಪರೀಕ್ಷೆಯ ವರದಿಗಳನ್ನು ಸಂಗ್ರಹಿಸುವ ಸಣ್ಣ ವ್ಯವಸ್ಥೆಯೊಂದನ್ನು ನಮ್ಮ ತಂಡ ನೋಡಿಕೊಳ್ಳುತ್ತಿದೆ. ಒಂದು ತಾಕನ್ನು ಗುರುತಿಸಲು ನಾಲ್ಕು ಅಂಶಗಳು ಬೇಕು: ಗ್ರಾಮದ ಕೋಡ್, ಸರ್ವೆ ನಂಬರ್, ಸರ್ನೋಕ್ (ಸರ್ವೆ ನಂಬರಿನ ಜೊತೆ ಬರುವ ಉಪಸಂಖ್ಯೆ, ಇಲ್ಲದಿದ್ದರೆ ನಕ್ಷತ್ರ) ಮತ್ತು ಹಿಸ್ಸಾ (ಆ ಜಮೀನಿನ ಪಾಲು). ಮೂಲ ದತ್ತಾಂಶವೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದ್ದು, ಈ ನಾಲ್ಕೂ ಬೇರೆ ಬೇರೆ ಕಾಲಂಗಳಲ್ಲೇ ಇವೆ. ಆದರೆ ಮೊಬೈಲ್ ಆ್ಯಪ್‌ಗೆ ಮಾಹಿತಿ ಒದಗಿಸುವ ಭಾಗ ಡೈನಮೊಡಿಬಿ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿದೆ, ಅದರ ಮುಂದೆ ರೆಡಿಸ್ ಕ್ಯಾಶ್ (ಬೇಗ ಸಿಗಲೆಂದು ಇಡುವ ತಾತ್ಕಾಲಿಕ ಸಂಗ್ರಹ) ಇದೆ. ಈ ಎರಡು ಕಡೆಯೂ ನಾಲ್ಕು ಅಂಶಗಳನ್ನು ಸೇರಿಸಿ ಒಂದೇ ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಬೇಕಾಗುತ್ತದೆ; ದಾಖಲೆಯನ್ನು ಗುರುತಿಸುವ ಕೀ ಅದೇ.

ಪಹಣಿಯಲ್ಲಿ 45/*/2ಎ ಎಂದು ಬರೆಯುವ ರೂಢಿಯಿದೆಯಲ್ಲ, ಅದನ್ನೇ ಅನುಸರಿಸಿ ಈಗ / ಚಿಹ್ನೆಯನ್ನು ಬಳಸಲಾಗುತ್ತಿದೆ. ಹಳೆಯ ಕಡತಗಳಿಂದ ಕೈಯಲ್ಲಿ ಟೈಪು ಮಾಡಿದ ಹಿಸ್ಸಾಗಳಲ್ಲಿ 2/1, 2-1, 2-ಅ ಎಂಬಂಥವೂ ಇರುವುದರಿಂದ ಇದು ಮುಂದುವರಿಯುವಂತಿಲ್ಲ. ತಂಡದಲ್ಲಿ ಒಬ್ಬರು | (ಪೈಪ್) ಎನ್ನುತ್ತಾರೆ, ಇನ್ನೊಬ್ಬರು ~ ಎನ್ನುತ್ತಾರೆ, ಮತ್ತೊಬ್ಬರು ಯಾರೂ ಎಂದೂ ಟೈಪು ಮಾಡದ ಯಾವುದಾದರೂ ವಿಚಿತ್ರ ಚಿಹ್ನೆಯನ್ನು ಹುಡುಕೋಣ ಎನ್ನುತ್ತಾರೆ. ಅನುಭವ ಇರುವವರು ಏನನ್ನು ನೋಡಿ ಆಯ್ಕೆ ಮಾಡುತ್ತೀರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಕಡತಪಾಲಕ

ಕೆರೆಯಂಗಳದವರೇ, ಯಾವ ಚಿಹ್ನೆ ಎಂಬ ಪ್ರಶ್ನೆಗೆ ಮೊದಲು, ನಾಲ್ಕು ಅಂಶಗಳಲ್ಲಿ ಪ್ರತಿಯೊಂದರೊಳಗೂ ಏನೇನು ಬರಬಹುದು, ಏನೇನು ಬರಕೂಡದು ಎಂಬುದನ್ನು ಬರೆದಿಟ್ಟುಕೊಳ್ಳಿ. ನಡುವೆ ಇಡುವ ಚಿಹ್ನೆಯ, ಅಂದರೆ ಡಿಲಿಮಿಟರ್‌ನ, ಕೆಲಸ ಒಂದೇ: ಸೇರಿಸಿದ ಸ್ಟ್ರಿಂಗ್ ನೋಡಿದವರು ಅದನ್ನು ಒಂದೇ ಒಂದು ರೀತಿಯಲ್ಲಿ ಒಡೆಯಲು ಸಾಧ್ಯವಾಗಬೇಕು. ಹಾಗಾಗಬೇಕಾದರೆ ಆ ಚಿಹ್ನೆ ಮಾಹಿತಿಯೊಳಗೆ "ಸಾಮಾನ್ಯವಾಗಿ ಬರುವುದಿಲ್ಲ" ಎಂದರೆ ಸಾಲದು; ಬಂದರೆ ವ್ಯವಸ್ಥೆಯೇ ಅದನ್ನು ತಿರಸ್ಕರಿಸುತ್ತದೆ ಎಂಬ ನಿಯಮವೇ ಇರಬೇಕು.

ನಿಮ್ಮ ಈಗಿನ ಪದ್ಧತಿಯನ್ನೇ ನೋಡಿ. ಕೀ 45/2/1 ಎಂದಿದ್ದರೆ ಅದು ಸರ್ವೆ ನಂಬರ್ 45, ಸರ್ನೋಕ್ 2, ಹಿಸ್ಸಾ 1 ಆಗಿರಬಹುದು. ಅಥವಾ ಸರ್ನೋಕ್ ಬಿಟ್ಟುಹೋಗಿ, ಹಿಸ್ಸಾವೇ 2/1 ಆಗಿರಬಹುದು. ಎರಡೂ ಬೇರೆ ಬೇರೆ ರೈತರ ತಾಕುಗಳಾಗಿದ್ದರೆ ಒಬ್ಬರ ಮಣ್ಣಿನ ವರದಿಯ ಮೇಲೆ ಇನ್ನೊಬ್ಬರ ವರದಿ ಕೂರುತ್ತದೆ, ಡೇಟಾಬೇಸ್ ಯಾವ ದೋಷವನ್ನೂ ತೋರಿಸುವುದಿಲ್ಲ. ಒಬ್ಬರ ಹೊಲಕ್ಕೆ ಬರೆದ ಸುಣ್ಣದ ಪ್ರಮಾಣವನ್ನು ಇನ್ನೊಬ್ಬರು ಹಾಕುವ ಪರಿಸ್ಥಿತಿ ಅದು. ಆದ್ದರಿಂದ ಇದನ್ನು ಬರೀ ಕೋಡ್ ಬರೆಯುವ ಶೈಲಿಯ ವಿಷಯವೆಂದು ಯಾರಾದರೂ ತಳ್ಳಿಹಾಕಿದರೆ ನಾನು ಒಪ್ಪುವುದಿಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ನಾಲ್ಕು ಕಾಲಂಗಳನ್ನೂ ಸೇರಿಸಿ ಪ್ರೈಮರಿ ಕೀ ಮಾಡುವುದಕ್ಕೆ ಡಿಲಿಮಿಟರ್ ಬೇಕಾಗಿಯೇ ಇಲ್ಲ. ಅಲ್ಲಿ ಕಾಲಂಗಳನ್ನು ಹಾಗೆಯೇ ಇರಲು ಬಿಡಿ. ಸೇರಿಸಿದ ಸ್ಟ್ರಿಂಗ್ ಹುಟ್ಟಬೇಕಾದದ್ದು ಡೈನಮೊಡಿಬಿಗೆ, ರೆಡಿಸ್‌ಗೆ ಕಳುಹಿಸುವ ಹಂತದಲ್ಲಿ ಮಾತ್ರ, ಅದೂ ಒಂದೇ ಒಂದು ಫಂಕ್ಷನ್‌ನಿಂದ.

ಬಯಲುಸೀಮೆ

ನನ್ನ ಮತ ಆಸ್ಕಿ 31ಕ್ಕೆ. ಆಸ್ಕಿ ಎಂದರೆ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ (ಕೋಡ್) ಕೊಡುವ ಪಟ್ಟಿ. 1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಮಾನದಂಡದಲ್ಲಿಯೇ ಮಾಹಿತಿಯನ್ನು ಬೇರ್ಪಡಿಸಲೆಂದು ಕೆಲವು ಕೋಡ್‌ಗಳನ್ನು ಮೀಸಲಿಡಲಾಗಿತ್ತು. ಇಂದು ನಾವು ಬಳಸುವ ಆಸ್ಕಿಯಲ್ಲಿ 28ರಿಂದ 31ರವರೆಗಿನ ನಾಲ್ಕು ಕೋಡ್‌ಗಳು ಕ್ರಮವಾಗಿ ಫೈಲ್, ಗ್ರೂಪ್, ರೆಕಾರ್ಡ್ ಮತ್ತು ಯೂನಿಟ್ ಸೆಪರೇಟರ್‌ಗಳು. ಈ ಕೆಲಸಕ್ಕೆಂದೇ ಮಾಡಿಟ್ಟದ್ದನ್ನು ಬಿಟ್ಟು ನಾವೆಲ್ಲ ಅಲ್ಪವಿರಾಮವನ್ನೂ ಪೈಪನ್ನೂ ಹಿಡಿದುಕೊಂಡಿರುವುದು ನನಗೆ ಬೇಸರದ ಸಂಗತಿ. ಯಾವ ಕೀಬೋರ್ಡಿನಿಂದಲೂ ಇದು ಸಹಜವಾಗಿ ಟೈಪಾಗುವುದಿಲ್ಲ, ಯಾವ ಭಾಷೆಯ ಬರವಣಿಗೆಯಲ್ಲೂ ಇಲ್ಲ. ಅಪಾಚೆ ಹೈವ್ ಕೂಡ ಇದೇ ಜಾತಿಯ ಚಿಹ್ನೆಗಳನ್ನು ನೆಚ್ಚಿಕೊಂಡಿದೆ: ಅದರಲ್ಲಿ ಕಾಲಂಗಳ ನಡುವೆ ಮೂಲತಃ ಇರುವುದು ಕೋಡ್ 1, ಪಟ್ಟಿಯ ಅಂಶಗಳ ನಡುವೆ ಕೋಡ್ 2, ಮ್ಯಾಪ್‌ನ ಕೀ ಮತ್ತು ಮೌಲ್ಯದ ನಡುವೆ ಕೋಡ್ 3.

ಕಡತಪಾಲಕ

ಬಯಲುಸೀಮೆಯವರೇ, ಕಡತದಿಂದ ಕಡತಕ್ಕೆ ಮಾಹಿತಿ ಸಾಗಿಸುವಾಗ ನಿಮ್ಮ ಮಾತು ಸರಿ. ಆದರೆ ಕೀ ಎನ್ನುವುದು ಕಡತದೊಳಗೆ ಅಡಗಿ ಕೂರುವ ವಸ್ತುವಲ್ಲ. ಅದು ಲಾಗ್‌ನಲ್ಲಿ ಕಾಣಬೇಕು, ಬೆಂಬಲ ವಿಭಾಗದವರು ಅದನ್ನು ಫೋನಿನಲ್ಲಿ ಓದಿ ಹೇಳಬೇಕು, ಇನ್ನೊಬ್ಬರು ಅದನ್ನು ಕನ್ಸೋಲ್‌ನಲ್ಲಿ ಟೈಪು ಮಾಡಿ ಹುಡುಕಬೇಕು. ಕೋಡ್ 31 ಪರದೆಯ ಮೇಲೆ ಕಾಣುವುದಿಲ್ಲವಾದ್ದರಿಂದ 45, *, 2ಎ ಎಂಬ ಮೂರೂ ಅಂಟಿಕೊಂಡು 45*2ಎ ಎಂದು ಕಾಣಿಸುತ್ತವೆ, ಅಲ್ಲಿಂದ ನಕಲು ಮಾಡಿ ಅಂಟಿಸಿದಾಗ ನಡುವಿನ ಚಿಹ್ನೆ ಉಳಿಯುತ್ತದೆ ಎಂಬ ಭರವಸೆ ಇಲ್ಲ.

ಇನ್ನೂ ಎರಡು ತೊಡಕುಗಳಿವೆ. ಮಾಹಿತಿ ವಿನಿಮಯಕ್ಕೆ ಬಳಸುವ ಜೇಸನ್ ರೂಪದಲ್ಲಿ 32ಕ್ಕಿಂತ ಕೆಳಗಿನ ಕೋಡ್‌ಗಳನ್ನು ಎಸ್ಕೇಪ್ ಮಾಡಿಯೇ (ಬದಲಿ ಗುರುತಿನ ರೂಪದಲ್ಲಿಯೇ) ಬರೆಯಬೇಕು. ಎಕ್ಸ್‌ಎಂಎಲ್ 1.0ರಲ್ಲಿ ಟ್ಯಾಬ್ ಮತ್ತು ಸಾಲು ಮುರಿಯುವ ಎರಡು ಕೋಡ್‌ಗಳನ್ನು ಬಿಟ್ಟರೆ 32ಕ್ಕಿಂತ ಕೆಳಗಿನ ಯಾವ ಚಿಹ್ನೆಗೂ ಪ್ರವೇಶವೇ ಇಲ್ಲ, ಸಂಖ್ಯೆಯ ರೂಪದ ಉಲ್ಲೇಖವಾಗಿ ಬರೆದರೂ ಆ ದಾಖಲೆ ದೋಷಪೂರ್ಣವೆನಿಸುತ್ತದೆ. ಮುಂದೆಂದಾದರೂ ಸರ್ಕಾರಿ ಇಲಾಖೆಯೊಂದಕ್ಕೆ ಎಕ್ಸ್‌ಎಂಎಲ್‌ನಲ್ಲಿ ವರದಿ ಕೊಡಬೇಕಾಗಿ ಬಂದರೆ ಆ ದಿನ ಎಲ್ಲ ಕೀಗಳನ್ನೂ ಬದಲಿಸಬೇಕಾಗುತ್ತದೆ. ಕೋಡ್ 0 ಬಳಸೋಣ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಪೋಸ್ಟ್‌ಗ್ರೆಸ್‌ನ ಟೆಕ್ಸ್ಟ್ ಕಾಲಂ ಅದನ್ನು ಸ್ವೀಕರಿಸುವುದೇ ಇಲ್ಲ.

ತೆಂಗಿನತೋಟ

"ಯಾರೂ ಬಳಸದ ಚಿಹ್ನೆ" ಎಂಬ ವಾದಕ್ಕೆ ಪಿಕ್ ಡೇಟಾಬೇಸ್‌ನ ಚರಿತ್ರೆ ಒಳ್ಳೆಯ ಉತ್ತರ. 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆ ವ್ಯವಸ್ಥೆಯಲ್ಲಿ ಒಂದೇ ದಾಖಲೆಯೊಳಗೆ ಹಲವು ಮೌಲ್ಯಗಳನ್ನು ಇಡಲು 254, 253 ಮತ್ತು 252ನೆಯ ಕೋಡ್‌ಗಳನ್ನು ಬಳಸಲಾಯಿತು: ಮೊದಲನೆಯದು ಆ್ಯಟ್ರಿಬ್ಯೂಟ್ ಮಾರ್ಕ್, ಎರಡನೆಯದು ವ್ಯಾಲ್ಯೂ ಮಾರ್ಕ್, ಮೂರನೆಯದು ಸಬ್‌ವ್ಯಾಲ್ಯೂ ಮಾರ್ಕ್. ಆಸ್ಕಿಯಲ್ಲಿ ಇರುವುದೇ 128 ಕೋಡ್‌ಗಳು, ಹೀಗಾಗಿ ಇಂಗ್ಲಿಷ್ ಬರೆಯುವವರಿಗೆ ಅವು ಖಾಲಿ ಜಾಗಗಳಾಗಿದ್ದವು. ನಂತರ ಬಂದ ಲ್ಯಾಟಿನ್-1 ಪಟ್ಟಿಯಲ್ಲಿ 252 ಜರ್ಮನ್ ಭಾಷೆಯ ಎರಡು ಚುಕ್ಕಿಯ ಯು ಅಕ್ಷರವಾಯಿತು, 254 ಐಸ್‌ಲ್ಯಾಂಡಿನವರ ಥಾರ್ನ್ ಅಕ್ಷರವಾಯಿತು. ಒಂದು ಭಾಷೆಯವರಿಗೆ ಬೇಡವಾದ ಕೋಡ್ ಇನ್ನೊಂದು ಭಾಷೆಯವರ ಹೆಸರಿನ ನಡುವಿನ ಅಕ್ಷರ.

ಕನ್ನಡದ ದತ್ತಾಂಶಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮಾಹಿತಿಯೊಳಗೆ | ಎಂದೂ ಬರುವುದಿಲ್ಲ ಎನ್ನುವವರು ನಮ್ಮ ಬರವಣಿಗೆಯನ್ನು ನೋಡಿ ಹಾಗೆ ಹೇಳುತ್ತಿಲ್ಲ. ಡಾ||, ಶ್ರೀ||, ಚಿ||, ಸೌ|| ಎಂದು ಹೆಸರಿನ ಮುಂದೆ ಎರಡೆರಡು ಪೈಪ್ ಹಾಕುವ ಪದ್ಧತಿ ನಮ್ಮ ಮುದ್ರಣದಲ್ಲಿ, ಲಗ್ನಪತ್ರಿಕೆಯಲ್ಲಿ, ಅರ್ಜಿಗಳಲ್ಲಿ ಇವತ್ತಿಗೂ ಇದೆ. ಪದ್ಯದ ಸಾಲಿನ ಕೊನೆಯ ದಂಡಕ್ಕೆ ಯೂನಿಕೋಡ್‌ನಲ್ಲಿ ಬೇರೆಯೇ ಚಿಹ್ನೆಯಿದ್ದರೂ ಟೈಪು ಮಾಡುವವರು ಪೈಪನ್ನೇ ಒತ್ತುವುದು ಸಾಮಾನ್ಯ. ಖಾತೆದಾರರ ಹೆಸರನ್ನು ಮುಂದೆಂದಾದರೂ ಕೀಯೊಳಗೆ ಸೇರಿಸುವ ಸಂದರ್ಭ ಬಂದರೆ | ಆ ದಿನವೇ ಮುರಿಯುತ್ತದೆ.

ಹೊಳೆಸಾಲು

ಹಾಗಿದ್ದರೆ ಅಗಲವೇ ಇಲ್ಲದ ಯೂನಿಕೋಡ್ ಚಿಹ್ನೆಯೊಂದನ್ನು ಬಳಸಬಹುದಲ್ಲವೇ? ನೋಡುವವರ ಕಣ್ಣಿಗೆ ತೊಂದರೆಯಿಲ್ಲ, ಯಾರೂ ಬೇಕೆಂದು ಟೈಪು ಮಾಡುವುದೂ ಇಲ್ಲ.

ತೆಂಗಿನತೋಟ

ಹೊಳೆಸಾಲಿನವರೇ, ದಯವಿಟ್ಟು ಬೇಡ. ಕನ್ನಡದಲ್ಲಿ ಅಂಥ ಚಿಹ್ನೆಯನ್ನು ನಾವು ದಿನವೂ ಟೈಪು ಮಾಡುತ್ತೇವೆ. "ರಾಜ್‌ಕುಮಾರ್" ಎಂದು ಬರೆಯುವಾಗ ಜ ಕೆಳಗೆ ಕ ಒತ್ತಾಗಿ ಕೂರದಂತೆ ತಡೆಯುವುದು ಝೀರೋ ವಿಡ್ತ್ ನಾನ್ ಜಾಯ್ನರ್. ಈ ಚರ್ಚೆಯಲ್ಲಿಯೇ "ಪೋಸ್ಟ್‌ಗ್ರೆಸ್" ಎಂದು ಬರೆದವರೆಲ್ಲ ಅದನ್ನು ಬಳಸಿದ್ದಾರೆ. ಕಾಣದ ಚಿಹ್ನೆಯನ್ನು ಡಿಲಿಮಿಟರ್ ಮಾಡಿದರೆ ಅದು ಎಷ್ಟು ಸಲ ಬಂದಿದೆ ಎಂಬುದನ್ನು ಕಣ್ಣಿನಿಂದ ಪರೀಕ್ಷಿಸುವ ದಾರಿಯೇ ಮುಚ್ಚಿಹೋಗುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯವಿದೆ. ಗ್ರಾಮದ ಹೆಸರನ್ನು ಕೀಯೊಳಗೆ ಹಾಕುವುದಾದರೆ ಡಿಲಿಮಿಟರ್‌ಗಿಂತ ಮೊದಲು ಯೂನಿಕೋಡ್ ನಾರ್ಮಲೈಸೇಶನ್ ಆಗಬೇಕು, ಅಂದರೆ ಒಂದೇ ಅಕ್ಷರವನ್ನು ಬರೆಯುವ ಹಲವು ರೀತಿಗಳನ್ನು ಒಂದೇ ರೀತಿಗೆ ತರಬೇಕು. "ಹೊಸಹಳ್ಳಿ" ಎಂಬುದರಲ್ಲಿ ಒ-ಕಾರದ ಗುರುತನ್ನು ಒಂದೇ ಕೋಡ್ ಆಗಿ ಬರೆಯಬಹುದು, ಎ-ಕಾರದ ಗುರುತು ಮತ್ತು ಊ-ಕಾರದ ಗುರುತು ಎಂಬ ಎರಡು ಕೋಡ್‌ಗಳಾಗಿಯೂ ಬರೆಯಬಹುದು. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್‌ಗೆ ಮೂರು ಬೈಟ್ ಬೇಕಾಗುವುದರಿಂದ ಮೊದಲನೆಯ ರೀತಿಯಲ್ಲಿ ಆ ಹೆಸರು 24 ಬೈಟ್, ಎರಡನೆಯ ರೀತಿಯಲ್ಲಿ 27 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸ್‌ಗೆ ಎರಡು ಬೇರೆ ಗ್ರಾಮಗಳು. ಅಂಕಿಗಳ ಕತೆಯೂ ಇದೇ: ೪೫ ಮತ್ತು 45 ಎರಡನ್ನೂ ಒಳಗೆ ಬಿಟ್ಟರೆ ಒಂದೇ ತಾಕಿಗೆ ಎರಡು ಕೀ ಹುಟ್ಟುತ್ತವೆ.

ಯುಟಿಎಫ್-8ರಲ್ಲಿ ಒಂದು ಅನುಕೂಲವೂ ಇದೆ. ಒಂದಕ್ಕಿಂತ ಹೆಚ್ಚು ಬೈಟ್‌ಗಳ ಅಕ್ಷರದ ಪ್ರತಿ ಬೈಟ್ ಕೂಡ 128 ಅಥವಾ ಅದಕ್ಕಿಂತ ಹೆಚ್ಚಿನದಾಗಿರುತ್ತದೆ. ಹೀಗಾಗಿ ಆಸ್ಕಿಯ ಯಾವ ಚಿಹ್ನೆಯನ್ನು ಆರಿಸಿಕೊಂಡರೂ ಅದು ಕನ್ನಡ ಅಕ್ಷರವೊಂದರ ಹೊಟ್ಟೆಯೊಳಗೆ ಅಡಗಿ ಬರುವ ಭಯವಿಲ್ಲ. ಜಪಾನಿನ ಹಳೆಯ ಶಿಫ್ಟ್-ಜಿಸ್ ಪದ್ಧತಿಯಲ್ಲಿ ಈ ಭದ್ರತೆ ಇರಲಿಲ್ಲ. ಅಲ್ಲಿ "ಪೊ" ಎಂಬ ಕಟಕಾನ ಅಕ್ಷರದ ಎರಡನೆಯ ಬೈಟೇ 124, ಅಂದರೆ ಪೈಪ್. ಬೈಟ್‌ಗಳನ್ನು ನೋಡಿ ಒಡೆಯುವ ಪ್ರೋಗ್ರಾಂ ಆ ಅಕ್ಷರವನ್ನೇ ಸೀಳುತ್ತದೆ.

ಕೆರೆಯಂಗಳ

ಗ್ರಾಮದ ಹೆಸರನ್ನು ಕೀಯಲ್ಲಿ ಬಳಸುತ್ತಿಲ್ಲ, 2011ರ ಜನಗಣತಿಯ ಆರು ಅಂಕಿಗಳ ಗ್ರಾಮ ಕೋಡ್ ಬಳಸುತ್ತಿದ್ದೇವೆ. ಸರ್ವೆ ನಂಬರ್ ಕಾಲಂನಲ್ಲಿಯೂ ಅಂಕಿಗಳನ್ನು ಮಾತ್ರ ಬಿಡುತ್ತೇವೆ. ತಲೆನೋವು ಇರುವುದು ಸರ್ನೋಕ್‌ನ ನಕ್ಷತ್ರ ಮತ್ತು ಹಿಸ್ಸಾದಲ್ಲಿ. ರೆಡಿಸ್ ದಾಖಲೆಗಳಲ್ಲಿ ಎಲ್ಲೆಡೆ : ಬಳಸಿರುವುದನ್ನು ನೋಡಿದ್ದೇನೆ, ಡೈನಮೊಡಿಬಿಯವರು # ಬಳಸುತ್ತಾರೆ. ಇವೆರಡರಲ್ಲಿ ವ್ಯತ್ಯಾಸವೇನಾದರೂ ಇದೆಯೇ, ಅಥವಾ ಅದು ಬರೀ ರೂಢಿಯೇ?

ಮಲೆಯಂಚು

ವ್ಯತ್ಯಾಸ ಇದೆ, ಅದು ವಿಂಗಡಣೆಯ ಕ್ರಮದಲ್ಲಿ ಇದೆ. ಡೈನಮೊಡಿಬಿಯ ಸಾರ್ಟ್ ಕೀ (ದಾಖಲೆಗಳನ್ನು ಕ್ರಮದಲ್ಲಿಡುವ ಕೀ) ಸ್ಟ್ರಿಂಗ್ ಆಗಿದ್ದರೆ ಅದನ್ನು ಯುಟಿಎಫ್-8 ಬೈಟ್‌ಗಳ ಕ್ರಮದಲ್ಲಿ ಜೋಡಿಸಲಾಗುತ್ತದೆ, ಆದ್ದರಿಂದ ಡಿಲಿಮಿಟರ್‌ನ ಕೋಡ್ ಸಂಖ್ಯೆಯೇ ಇಲ್ಲಿ ಮುಖ್ಯ. # 35, * 42, - 45, / 47. ಅಂಕಿಗಳು 48ರಿಂದ 57. ಅವು ಮುಗಿದೊಡನೆ : ಬರುತ್ತದೆ, ಅದರ ಕೋಡ್ 58. ಅಂಡರ್‌ಸ್ಕೋರ್ 95, ಪೈಪ್ 124, ~ 126.

ಈಗ 4, 45, 450 ಎಂಬ ಮೂರು ಸರ್ವೆ ನಂಬರ್‌ಗಳನ್ನು ತೆಗೆದುಕೊಳ್ಳಿ. ನಡುವೆ : ಇಟ್ಟರೆ 4: ಮತ್ತು 45: ಎಂಬ ಎರಡನ್ನು ಹೋಲಿಸುವಾಗ ಎರಡನೆಯ ಸ್ಥಾನದಲ್ಲಿ ಒಂದು ಕಡೆ : ಇದೆ, ಇನ್ನೊಂದು ಕಡೆ 5 ಇದೆ, ಅಂಕಿಯ ಕೋಡ್ ಚಿಕ್ಕದಾದ್ದರಿಂದ 45 ಮೊದಲು ಬರುತ್ತದೆ. ಇದೇ ಕಾರಣಕ್ಕೆ 450 ಅದಕ್ಕೂ ಮೊದಲು ಬರುತ್ತದೆ. ಕೊನೆಗೆ ಸಿಗುವ ಕ್ರಮ 450, 45, 4. ಪೈಪ್ ಇಟ್ಟರೂ ಇದೇ ಫಲಿತಾಂಶ. # ಇಟ್ಟರೆ ಅದು ಎಲ್ಲ ಅಂಕಿಗಳಿಗಿಂತ ಕೆಳಗಿರುವುದರಿಂದ 4, 45, 450 ಎಂದು ಬರುತ್ತದೆ. ಚಿಕ್ಕ ಭಾಗ ಮೊದಲು, ಅದನ್ನೇ ಮುಂದುವರಿಸಿದ ದೊಡ್ಡ ಭಾಗ ನಂತರ ಎಂಬ ಕ್ರಮ ಬೇಕಿದ್ದರೆ ಡಿಲಿಮಿಟರ್ ಮಾಹಿತಿಯಲ್ಲಿ ಬರುವ ಎಲ್ಲ ಚಿಹ್ನೆಗಳಿಗಿಂತ ಚಿಕ್ಕ ಕೋಡ್‌ನದ್ದಾಗಿರಬೇಕು. ಗೂಗಲ್‌ನ ಬಿಗ್‌ಟೇಬಲ್ ದಾಖಲೆಗಳ ಉದಾಹರಣೆಗಳಲ್ಲಿಯೂ ಸಾಲಿನ ಕೀಗೆ # ಬಳಸಿರುವುದನ್ನು ನೋಡಬಹುದು.

ಆದರೂ # ಒಂದರಿಂದಲೇ ಎಲ್ಲವೂ ಸರಿಹೋಗುವುದಿಲ್ಲ, ಏಕೆಂದರೆ 5 ಎಂಬ ಸರ್ವೆ ನಂಬರ್ 450ರ ನಂತರ ಬಂದು ಕೂರುತ್ತದೆ. ಅದಕ್ಕೆ ಮುಂದೆ ಸೊನ್ನೆ ತುಂಬಿಸಿ 00004, 00045, 00450 ಎಂದು ಒಂದೇ ಉದ್ದ ಮಾಡಿಕೊಳ್ಳಬೇಕು. ಉದ್ದ ನಿಗದಿಯಾದ ಮೇಲೆ ಆ ಭಾಗಕ್ಕೆ ಡಿಲಿಮಿಟರ್ ಅನಿವಾರ್ಯವಲ್ಲ, ಓದುವವರ ಅನುಕೂಲಕ್ಕೆ ಮಾತ್ರ. ಓಪನ್‌ಟಿಎಸ್‌ಡಿಬಿ ಎಂಬ ತಂತ್ರಾಂಶ ಎಚ್‌ಬೇಸ್ ಡೇಟಾಬೇಸ್‌ನಲ್ಲಿ ತನ್ನ ಸಾಲಿನ ಕೀಗಳನ್ನು ಹೀಗೆಯೇ ಕಟ್ಟುತ್ತದೆ: ಮೆಟ್ರಿಕ್‌ನ ಗುರುತಿಗೆ ಮೂರು ಬೈಟ್, ಸಮಯಕ್ಕೆ ನಾಲ್ಕು ಬೈಟ್, ನಡುವೆ ಏನೂ ಇಲ್ಲ.

ಹುಡುಕುವಾಗ ಡಿಲಿಮಿಟರನ್ನೂ ಸೇರಿಸಿ ಹುಡುಕಿ. ಸೊನ್ನೆ ತುಂಬದ ಕೀಗಳಲ್ಲಿ "45ರಿಂದ ಆರಂಭವಾಗುವವು" ಎಂದು ಕೇಳಿದರೆ 450, 451, 4520 ಎಲ್ಲವೂ ಬರುತ್ತವೆ. "45#ನಿಂದ ಆರಂಭವಾಗುವವು" ಎಂದು ಕೇಳಿದರೆ 45ರ ಹಿಸ್ಸಾಗಳು ಮಾತ್ರ. ವ್ಯಾಪ್ತಿ ಕೊಟ್ಟು ಹುಡುಕುವುದಾದರೆ 45# ಇಂದ 45$ ವರೆಗೆ ಎಂದು ಕೊಡಬಹುದು, $ ಚಿಹ್ನೆಯ ಕೋಡ್ 36 ಆಗಿದ್ದು #ನ ಮರು ಸ್ಥಾನದಲ್ಲಿಯೇ ಇದೆ.

ಕಡತಪಾಲಕ

ಮಲೆಯಂಚಿನವರು ಹೇಳಿದ್ದು ಬೈಟ್ ಕ್ರಮಕ್ಕೆ ಪೂರ್ತಿ ಸರಿ. ಇದೇ ಸ್ಟ್ರಿಂಗನ್ನು ಪೋಸ್ಟ್‌ಗ್ರೆಸ್‌ನಲ್ಲಿಯೂ ಇಟ್ಟು ಅಲ್ಲಿಯೂ ಅದೇ ಕ್ರಮ ಸಿಗುತ್ತದೆ ಎಂದುಕೊಂಡರೆ ಮಾತ್ರ ಎಡವಟ್ಟಾಗುತ್ತದೆ. ಭಾಷಾ ಲೋಕೇಲ್‌ನ ಕೊಲೇಶನ್‌ಗಳು (ವಿಂಗಡಣೆಯ ನಿಯಮಗಳು) ವಿರಾಮ ಚಿಹ್ನೆಗಳನ್ನು ಅಕ್ಷರಗಳಷ್ಟು ಗಣನೆಗೆ ತೆಗೆದುಕೊಳ್ಳದೆ ಹೋಲಿಸಬಹುದು. ಬೈಟ್ ಕ್ರಮವೇ ಬೇಕಾದ ಕಾಲಂಗೆ "ಸಿ" ಕೊಲೇಶನ್ ಎಂದು ಸ್ಪಷ್ಟವಾಗಿ ನಮೂದಿಸಿ. 2018ರಲ್ಲಿ ಬಂದ, ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28ರಲ್ಲಿ ಕೊಲೇಶನ್ ನಿಯಮಗಳು ಬದಲಾದಾಗ, ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಿದ ಪೋಸ್ಟ್‌ಗ್ರೆಸ್ ಸರ್ವರ್‌ಗಳಲ್ಲಿ ಟೆಕ್ಸ್ಟ್ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಬೇಕಾಗಿ ಬಂದಿತ್ತು. "ಸಿ" ಕೊಲೇಶನ್ ಇದ್ದ ಕಾಲಂಗಳಿಗೆ ಆ ತೊಂದರೆ ತಟ್ಟಲಿಲ್ಲ.

ಅಂಡರ್‌ಸ್ಕೋರ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಒಂದು ಮಾತು. ಎಸ್‌ಕ್ಯುಎಲ್‌ನಲ್ಲಿ ಮಾದರಿ ಕೊಟ್ಟು ಹುಡುಕುವ ಲೈಕ್‌ನಲ್ಲಿ _ ಎಂದರೆ ಯಾವುದೇ ಒಂದು ಅಕ್ಷರ, % ಎಂದರೆ ಎಷ್ಟೇ ಅಕ್ಷರಗಳು. 45_2 ಎಂದು ಹುಡುಕಿದರೆ 4512 ಕೂಡ ಸಿಗುತ್ತದೆ. ನಿಮ್ಮ ಸರ್ನೋಕ್‌ನ ನಕ್ಷತ್ರಕ್ಕೂ ರೆಡಿಸ್‌ನಲ್ಲಿ ಇದೇ ಗತಿ: ಸ್ಕ್ಯಾನ್ ಆದೇಶಕ್ಕೆ ಕೊಡುವ ಮಾದರಿಯಲ್ಲಿ * ಎಂದರೆ ಏನು ಬೇಕಾದರೂ ಆಗಬಹುದು, ಆದ್ದರಿಂದ ನಿಜವಾದ ನಕ್ಷತ್ರವನ್ನು ಹುಡುಕಲು ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಇಡಬೇಕು. ಪೂರ್ತಿ ಕೀ ಕೊಟ್ಟು ನೇರವಾಗಿ ತೆಗೆಯುವಾಗ ಈ ಸಮಸ್ಯೆ ಇಲ್ಲ.

ಲೆಕ್ಕಪುಸ್ತಕ

ನಾನು ಜಿಎಸ್‌ಟಿ ತಂತ್ರಾಂಶದ ಕಡೆ ಕೆಲಸ ಮಾಡುತ್ತೇನೆ. ಕಡತಪಾಲಕರು ಹೇಳಿದ "ನಿಯಮವೇ ಇರಬೇಕು" ಎಂಬ ಮಾತಿಗೆ ನಮ್ಮಲ್ಲಿ ಸೊಗಸಾದ ಉದಾಹರಣೆ ಇದೆ. 2017ರ ಸಿಜಿಎಸ್‌ಟಿ ನಿಯಮಗಳಲ್ಲಿ 46ನೆಯ ನಿಯಮದ ಪ್ರಕಾರ ಇನ್‌ವಾಯ್ಸ್ ನಂಬರ್ 16 ಚಿಹ್ನೆಗಳನ್ನು ಮೀರುವಂತಿಲ್ಲ, ಅದರಲ್ಲಿ ಅಕ್ಷರ, ಅಂಕಿ ಮತ್ತು ವಿಶೇಷ ಚಿಹ್ನೆಗಳಲ್ಲಿ - ಹಾಗೂ / ಮಾತ್ರ ಇರಬಹುದು, ಮತ್ತು ಒಂದು ಹಣಕಾಸು ವರ್ಷದೊಳಗೆ ಅದು ಮತ್ತೆ ಬರುವಂತಿಲ್ಲ. ಅಂದರೆ - ಮತ್ತು / ಎರಡೂ ಡಿಲಿಮಿಟರ್ ಆಗಲು ಯೋಗ್ಯವಲ್ಲ ಎಂಬುದನ್ನು ಕಾನೂನೇ ಹೇಳಿದಂತಾಯಿತು. #, |, : ಯಾವುದನ್ನು ಬೇಕಾದರೂ ನಿಶ್ಚಿಂತೆಯಿಂದ ಬಳಸಬಹುದು ಎಂಬುದನ್ನೂ ಅದೇ ನಿಯಮ ಹೇಳುತ್ತದೆ. ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಯಾವಾಗಲೂ 15 ಚಿಹ್ನೆಗಳದ್ದು, ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ, ಹಾಗಾಗಿ ಅದರ ನಂತರ ಚಿಹ್ನೆ ಇಡದಿದ್ದರೂ ಒಡೆಯಬಹುದು. ಹಣಕಾಸು ವರ್ಷ ಮಾತ್ರ 2024-25 ಎಂದು ತನ್ನೊಳಗೇ - ಇಟ್ಟುಕೊಂಡಿದೆ.

ಇದಕ್ಕಿಂತ ಹೆಚ್ಚಾಗಿ ನಾನು ಎಚ್ಚರಿಸಬೇಕೆಂದಿರುವುದು ಖಾಲಿ ಮೌಲ್ಯಗಳ ಬಗ್ಗೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್ ಎರಡರಲ್ಲಿಯೂ ಕಾನ್‌ಕ್ಯಾಟ್ ಡಬ್ಲ್ಯುಎಸ್ ಎಂಬ ಫಂಕ್ಷನ್ ಇದೆ. ಡಿಲಿಮಿಟರ್ ಕೊಟ್ಟರೆ ಅದೇ ಎಲ್ಲವನ್ನೂ ಜೋಡಿಸಿಕೊಡುತ್ತದೆ. ಆದರೆ ಯಾವುದಾದರೂ ಕಾಲಂ ನಲ್ (ಮೌಲ್ಯವೇ ಇಲ್ಲದ್ದು) ಆಗಿದ್ದರೆ ಅದನ್ನೂ ಅದರ ಡಿಲಿಮಿಟರನ್ನೂ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಸರ್ವೆ 45, ಸರ್ನೋಕ್ ನಲ್, ಹಿಸ್ಸಾ 2 ಇದ್ದರೆ ಸಿಗುವುದು 45#2. ಸರ್ವೆ 45, ಸರ್ನೋಕ್ 2, ಹಿಸ್ಸಾ ನಲ್ ಇದ್ದರೂ ಸಿಗುವುದು 45#2. ಎಷ್ಟೇ ಒಳ್ಳೆಯ ಚಿಹ್ನೆಯನ್ನು ಆರಿಸಿಕೊಂಡಿದ್ದರೂ ಇಲ್ಲಿ ಅದು ಕಾಪಾಡುವುದಿಲ್ಲ. ನಾಲ್ಕು ಕಾಲಂಗಳಿಗೂ ನಾಟ್ ನಲ್ ಹಾಕಿ, ಇಲ್ಲದಿರುವುದನ್ನು ತೋರಿಸಲು ನಿಗದಿತ ಗುರುತೊಂದನ್ನು ಇಡಿ. ಸರ್ನೋಕ್‌ಗೆ ಪಹಣಿಯವರು ಇಟ್ಟಿರುವ ನಕ್ಷತ್ರ ಈ ಕೆಲಸವನ್ನೇ ಮಾಡುತ್ತಿದೆ, ಆದ್ದರಿಂದ ಅದನ್ನು ತೆಗೆದುಹಾಕುವ ಯೋಚನೆ ಮಾಡಬೇಡಿ.

ಡೇಟಾ ವೇರ್‌ಹೌಸ್‌ಗಳಲ್ಲಿ ಹೀಗೆ ಜೋಡಿಸಿದ್ದನ್ನು ಹ್ಯಾಶ್ ಮಾಡಿ (ಲೆಕ್ಕಹಾಕಿ ನಿಗದಿತ ಉದ್ದದ ಗುರುತಾಗಿಸಿ) ಕೀ ಮಾಡುವವರಿಗೂ ಇದು ಅನ್ವಯಿಸುತ್ತದೆ. ಹ್ಯಾಶ್ ಮಾಡುವ ಮೊದಲೇ ಎರಡು ಸ್ಟ್ರಿಂಗ್‌ಗಳು ಒಂದಾಗಿದ್ದರೆ ಯಾವ ಹ್ಯಾಶ್ ವಿಧಾನವೂ ಅವನ್ನು ಬೇರೆ ಮಾಡಲಾರದು, ಮತ್ತು ಹ್ಯಾಶ್ ಆದ ಮೇಲೆ ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಕಾಣುವುದೂ ಇಲ್ಲ.

ಬಯಲುಸೀಮೆ

ಕೋಡ್ 31 ಬಗ್ಗೆ ಕಡತಪಾಲಕರ ಆಕ್ಷೇಪ ಕಣ್ಣಿಗೆ ಕಾಣುವ ಕೀಗಳಿಗೆ ಸಲ್ಲುತ್ತದೆ ಎಂದು ಒಪ್ಪುತ್ತೇನೆ. ಆದರೆ ಹಿಸ್ಸಾದಲ್ಲಿ # ಬರಲೇಬಾರದು ಎಂಬ ನಿರ್ಬಂಧ ಹಾಕುವುದು ನನಗೆ ಪೂರ್ತಿ ಸಮಾಧಾನ ಕೊಡುತ್ತಿಲ್ಲ. ಹಳೆಯ ಕಡತದಲ್ಲಿ ಒಬ್ಬ ಶಾನುಭೋಗರು ಏನೋ ಒಂದು ಗುರುತನ್ನು ಅರ್ಥವಿಟ್ಟೇ ಬರೆದಿರಬಹುದು, ನಮ್ಮ ಸ್ಟ್ರಿಂಗ್‌ನ ಅನುಕೂಲಕ್ಕಾಗಿ ದಾಖಲೆಯನ್ನೇ ತಿರಸ್ಕರಿಸುವುದು ಎಷ್ಟು ಸರಿ? ಮಾಹಿತಿಯಲ್ಲಿ ಏನಿದ್ದರೂ ತಡೆದುಕೊಳ್ಳುವ ಪದ್ಧತಿ ಬೇಡವೇ?

ಮಲೆಯಂಚು

ಬೇಕು, ಮತ್ತು ಅಂಥ ಪದ್ಧತಿಗಳು ಇವೆ. ಇವುಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಫೌಂಡೇಶನ್‌ಡಿಬಿಯ ಟ್ಯೂಪಲ್ ವಿಧಾನ. ಅಲ್ಲಿ ಪ್ರತಿ ಭಾಗದ ಮೊದಲು ಅದರ ಜಾತಿಯನ್ನು ಹೇಳುವ ಒಂದು ಬೈಟ್ ಇರುತ್ತದೆ. ಬೈಟ್‌ಗಳ ಸರಣಿಗೆ 1, ಯೂನಿಕೋಡ್ ಸ್ಟ್ರಿಂಗ್‌ಗೆ 2. ಭಾಗ ಮುಗಿದ ಮೇಲೆ 0 ಬೈಟ್ ಬರುತ್ತದೆ. ಮಾಹಿತಿಯೊಳಗೇ 0 ಇದ್ದರೆ ಅದನ್ನು 0 ಮತ್ತು 255 ಎಂಬ ಜೋಡಿಯಾಗಿ ಬರೆಯುತ್ತಾರೆ. ಓದುವವರು 0 ಕಂಡೊಡನೆ ಮುಂದಿನ ಬೈಟ್ ನೋಡುತ್ತಾರೆ, 255 ಇದ್ದರೆ ಅದು ಮಾಹಿತಿ, ಇಲ್ಲದಿದ್ದರೆ ಭಾಗ ಮುಗಿಯಿತು. ಸೊಬಗು ಏನೆಂದರೆ ಎಸ್ಕೇಪ್ ಮಾಡಿದ ಮೇಲೂ ವಿಂಗಡಣೆಯ ಕ್ರಮ ಕೆಡುವುದಿಲ್ಲ: ಮುಕ್ತಾಯದ 0 ಆದ ಮೇಲೆ ಬರುವ ಜಾತಿಯ ಬೈಟ್ 255ಕ್ಕಿಂತ ಚಿಕ್ಕದಾಗಿರುವುದರಿಂದ, ಚಿಕ್ಕ ಸ್ಟ್ರಿಂಗ್ ಯಾವಾಗಲೂ ಅದನ್ನು ಮುಂದುವರಿಸಿದ ದೊಡ್ಡ ಸ್ಟ್ರಿಂಗ್‌ಗಿಂತ ಮೊದಲೇ ಬರುತ್ತದೆ.

ಕಸಾಂಡ್ರಾದ ಕಾಂಪೋಸಿಟ್ ಟೈಪ್ ಬೇರೆ ದಾರಿ ಹಿಡಿದಿದೆ: ಪ್ರತಿ ಭಾಗದ ಮೊದಲು ಎರಡು ಬೈಟ್‌ಗಳಲ್ಲಿ ಉದ್ದ, ಆಮೇಲೆ ಮಾಹಿತಿ, ಕೊನೆಗೆ ಒಂದು ಬೈಟ್. ಉದ್ದವನ್ನು ಮೊದಲೇ ಹೇಳಿಬಿಟ್ಟರೆ ಮಾಹಿತಿಯಲ್ಲಿ ಏನಿದ್ದರೂ ಲೆಕ್ಕಕ್ಕಿಲ್ಲ. ಆದರೆ ಕಚ್ಚಾ ಬೈಟ್‌ಗಳನ್ನು ಹಾಗೆಯೇ ಹೋಲಿಸಿದರೆ ಉದ್ದದ ಪ್ರಕಾರ ಕ್ರಮ ಬರುತ್ತದೆ, ಆದ್ದರಿಂದ ಹೋಲಿಸುವ ಕೆಲಸವನ್ನು ಆ ರಚನೆ ಅರಿತ ಕೋಡ್ ಮಾಡಬೇಕಾಗುತ್ತದೆ. ಡೈನಮೊಡಿಬಿಗೆ ನೀವು ಅಂಥ ಕೋಡ್ ಕೊಡಲು ಬರುವುದಿಲ್ಲ.

ಆಸ್ಪತ್ರೆಗಳ ನಡುವೆ ಮಾಹಿತಿ ಸಾಗಿಸುವ ಎಚ್‌ಎಲ್7 ಎರಡನೆಯ ಆವೃತ್ತಿಯೂ ನೋಡತಕ್ಕದ್ದು. ಅದರ ಸಂದೇಶ ತನ್ನ ಮೊದಲ ಸಾಲಿನಲ್ಲಿಯೇ ತಾನು ಬಳಸುವ |, ^, ~, \, & ಎಂಬ ಚಿಹ್ನೆಗಳನ್ನು ಘೋಷಿಸಿಕೊಳ್ಳುತ್ತದೆ, ಇವು ಮಾಹಿತಿಯೊಳಗೆ ಬಂದರೆ ಹೇಗೆ ಬರೆಯಬೇಕೆಂಬುದಕ್ಕೂ ಒಂದೊಂದಕ್ಕೂ ನಿಯಮವಿದೆ.

ನಿಮ್ಮ ಮಟ್ಟಕ್ಕೆ ಇದರ ಸರಳ ರೂಪ ಸಾಕು. ಪ್ರತಿ ಭಾಗದಲ್ಲಿಯೂ ಮೊದಲು % ಇದ್ದರೆ %25 ಎಂದೂ, ನಂತರ # ಇದ್ದರೆ %23 ಎಂದೂ ಬದಲಿಸಿ, ಆಮೇಲೆ # ಇಟ್ಟು ಜೋಡಿಸಿ. ಈ ಎರಡು ಹೆಜ್ಜೆಗಳನ್ನು ಹಿಂದುಮುಂದು ಮಾಡಬೇಡಿ. ಮೊದಲು #ಅನ್ನು ಬದಲಿಸಿದರೆ ಅದರಿಂದ ಹುಟ್ಟಿದ %ಅನ್ನು ಎರಡನೆಯ ಹೆಜ್ಜೆ ಮತ್ತೆ ಬದಲಿಸಿಬಿಡುತ್ತದೆ. ದಾಖಲೆಯಲ್ಲಿರುವುದನ್ನು ತಿರಸ್ಕರಿಸಬೇಕಾಗಿಲ್ಲ, ಒಡೆಯುವಾಗ ಅನುಮಾನವೂ ಉಳಿಯುವುದಿಲ್ಲ.

ಹೊಳೆಸಾಲು

ಒಂದು ಪ್ರಾಯೋಗಿಕ ಸಂದೇಹ. ಕೀಯನ್ನು ವೆಬ್ ವಿಳಾಸದೊಳಗೆ ಇಡುವುದಾದರೆ # ತೊಂದರೆ ಕೊಡುವುದಿಲ್ಲವೇ?

ಕಡತಪಾಲಕ

ಖಂಡಿತ ಕೊಡುತ್ತದೆ, ಒಳ್ಳೆಯ ಪ್ರಶ್ನೆ. ಬ್ರೌಸರ್ ವಿಳಾಸದಲ್ಲಿ #ನ ನಂತರದ ಭಾಗವನ್ನು ಸರ್ವರ್‌ಗೆ ಕಳುಹಿಸುವುದೇ ಇಲ್ಲ. ವರದಿ/00045#*#2 ಎಂದು ಕೊಂಡಿ ಕೊಟ್ಟರೆ ಸರ್ವರ್‌ಗೆ ತಲುಪುವುದು 00045 ಮಾತ್ರ. / ಇಟ್ಟಿದ್ದರೆ ವಿಳಾಸದ ದಾರಿಯೇ ತುಂಡಾಗುತ್ತಿತ್ತು. 2005ರ ಆರ್‌ಎಫ್‌ಸಿ 3986ರ ಪ್ರಕಾರ ಅಕ್ಷರ ಮತ್ತು ಅಂಕಿಗಳ ಜೊತೆ ಎಸ್ಕೇಪ್ ಇಲ್ಲದೆ ಎಲ್ಲಿ ಬೇಕಾದರೂ ಬರೆಯಬಹುದಾದ ಚಿಹ್ನೆಗಳು -, ., _, ~ ಈ ನಾಲ್ಕು ಮಾತ್ರ. ಇವುಗಳಲ್ಲಿ - ಮತ್ತು _ ಈಗಾಗಲೇ ಬೇರೆ ಕಾರಣಕ್ಕೆ ಬಿದ್ದುಹೋಗಿವೆ, ~ ವಿಂಗಡಣೆಯಲ್ಲಿ ಎಲ್ಲದಕ್ಕಿಂತ ಕೊನೆಗೆ ಹೋಗುತ್ತದೆ.

ನನ್ನ ಸಲಹೆ: ಸೇರಿಸಿದ ಕೀಯನ್ನು ವಿಳಾಸಕ್ಕೆ ಹಾಕಲೇಬೇಡಿ. ನಾಲ್ಕು ಅಂಶಗಳನ್ನು ನಾಲ್ಕು ಬೇರೆ ಪ್ಯಾರಾಮೀಟರ್‌ಗಳಾಗಿ ತೆಗೆದುಕೊಂಡು, ಕೀ ಕಟ್ಟುವ ಕೆಲಸವನ್ನು ಸರ್ವರ್‌ನ ಒಳಗೆ ಮಾಡಿ. ಆಗ ಮುಂದೆ ಡಿಲಿಮಿಟರ್ ಬದಲಿಸಿದರೂ ಹೊರಗಿನ ಯಾರ ಕೊಂಡಿಯೂ ಮುರಿಯುವುದಿಲ್ಲ.

ಕೆರೆಯಂಗಳ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಂಡದೊಂದಿಗೆ ಕುಳಿತು ಹೀಗೆ ನಿರ್ಧರಿಸಿದ್ದೇವೆ. ಪೋಸ್ಟ್‌ಗ್ರೆಸ್‌ನಲ್ಲಿ ನಾಲ್ಕು ಕಾಲಂಗಳ ಪ್ರೈಮರಿ ಕೀ ಹಾಗೆಯೇ ಇರುತ್ತದೆ, ನಾಲ್ಕಕ್ಕೂ ನಾಟ್ ನಲ್. ಡೈನಮೊಡಿಬಿಯಲ್ಲಿ ಪಾರ್ಟಿಷನ್ ಕೀ (ದಾಖಲೆಗಳನ್ನು ಗುಂಪುಗಳಾಗಿ ಹಂಚುವ ಕೀ) ಗ್ರಾಮದ ಕೋಡ್. ಸಾರ್ಟ್ ಕೀಯಲ್ಲಿ ಐದು ಅಂಕಿಗೆ ತುಂಬಿಸಿದ ಸರ್ವೆ ನಂಬರ್, ಸರ್ನೋಕ್, ಹಿಸ್ಸಾ, ನಡುವೆ #. ಅಂದರೆ 00045#*#2ಎ. ಕನ್ನಡ ಅಂಕಿಗಳನ್ನು ಬದಲಿಸುವುದು, ನಾರ್ಮಲೈಸ್ ಮಾಡುವುದು, % ಮತ್ತು #ಅನ್ನು ಎಸ್ಕೇಪ್ ಮಾಡುವುದು ಎಲ್ಲವೂ ಒಂದೇ ಫಂಕ್ಷನ್‌ನಲ್ಲಿ ನಡೆಯುತ್ತದೆ.

ಉಳಿದಿರುವುದು ಒಂದೇ ಪ್ರಶ್ನೆ. / ಇಟ್ಟು ಬರೆದ ಹಳೆಯ ಕೀಗಳನ್ನು ಒಡೆದು ಹೊಸದಾಗಿ ಜೋಡಿಸುವ ಸ್ಕ್ರಿಪ್ಟ್ ಬರೆಯಬಹುದೇ?

ಕಡತಪಾಲಕ

ಹಳೆಯ ಕೀಗಳನ್ನು ಒಡೆಯಬೇಡಿ. ಅವು ಒಡೆಯಲು ಬಾರದವು ಎಂಬ ಕಾರಣಕ್ಕೇ ಈ ಚರ್ಚೆ ಆರಂಭವಾದದ್ದು. ಪೋಸ್ಟ್‌ಗ್ರೆಸ್‌ನ ಕಾಲಂಗಳಿಂದ ಹೊಸ ಕೀಗಳನ್ನು ಕಟ್ಟಿ ಬೇರೆ ಟೇಬಲ್‌ಗೆ ತುಂಬಿಸಿ. ಅದಕ್ಕೂ ಮೊದಲು ಅದೇ ಕಾಲಂಗಳಿಂದ ಹಳೆಯ ಪದ್ಧತಿಯ / ಕೀಯನ್ನೂ ಒಮ್ಮೆ ಕಟ್ಟಿ, ಒಂದೇ ಗ್ರಾಮದಲ್ಲಿ ಎರಡು ಸಾಲುಗಳಿಗೆ ಒಂದೇ ಕೀ ಬಂದಿರುವ ಕಡೆಗಳನ್ನು ಗ್ರೂಪ್ ಬೈ ಮಾಡಿ ಹೊರತೆಗೆಯಿರಿ. ಆ ತಾಕುಗಳ ವರದಿ ಈಗಾಗಲೇ ಅದಲುಬದಲಾಗಿರಬಹುದು. ಅವುಗಳಿಗೆ ಮಾತ್ರ ಪ್ರಯೋಗಾಲಯದ ಮೂಲ ಚೀಟಿಯನ್ನೂ ಪಹಣಿಯನ್ನೂ ಪಕ್ಕದಲ್ಲಿಟ್ಟುಕೊಂಡು ಒಬ್ಬರು ಕುಳಿತು ನೋಡಲಿ, ಆ ಪಟ್ಟಿ ಮುಗಿಯುವವರೆಗೆ ಆ ರೈತರಿಗೆ ಆ್ಯಪ್‌ನಲ್ಲಿ ಹಳೆಯ ವರದಿ ಕಾಣದಂತೆ ತಡೆದಿಡಿ.